ಪೈಪ್ ತೆಗೆದರೆ ಮತ್ತೆ ಮೂತ್ರ ಕಟ್ಟುತ್ತಿದೆ, ಮುಂದೇನು?

ಪ್ರಶ್ನೆ: ನನ್ನ ತಂದೆಗೆ 68 ವರ್ಷ. ವಾರದ ಹಿಂದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಹರ್ನಿಯಾ ಆಪರೇಷನ್ ಮಾಡಿದರು. ಸಂಜೆಯಾದರೂ ಮೂತ್ರ ಬರಲಿಲ್ಲ. ಸಲೀಸಾಗಲಿ ಎಂದು ಎಳನೀರು, ಬಾರ್ಲಿ ನೀರು ಕುಡಿಸಿದೆವು. ಕಿಬ್ಬೊಟ್ಟೆ ಉಬ್ಬಿ ನರಳತೊಡಗಿದರು. ರಾತ್ರಿ ಪೈಪ್ ಹಾಕಿದಾಗ ಒಂದೇ ಸಲ 900 ಎಂಎಲ್ ಬಂತು. ಮರುದಿನ ಬೆಳಿಗ್ಗೆ ಪೈಪ್ ತೆಗೆದರು, ಮತ್ತೆ ಕಟ್ಟಿತು. ಈಗ ಪೈಪ್ ಸಮೇತ ಮನೆಯಲ್ಲಿದ್ದಾರೆ, ಟ್ಯಾಮ್ಸುಲೋಸಿನ್ ಮಾತ್ರೆ ಶುರುವಾಗಿದೆ. ಒಮ್ಮೆಲೇ ಅಷ್ಟು ಮೂತ್ರ ತೆಗೆದದ್ದೇ ತಪ್ಪಾಯಿತೇ? ಜೀವನಪೂರ್ತಿ ಪೈಪೇ ಗತಿಯೇ? ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಬೇರೆ ಇದೆ.
— ಓದುಗರೊಬ್ಬರು, ಹಾಸನ

ಉತ್ತರ: ಪೈಪ್ ಜೀವನಪೂರ್ತಿ ಎಂದು ಈಗಲೇ ಎದೆಗುಂದಬೇಡಿ. ಒಂದು ಸಲ ತೆಗೆದಾಗ ಕಟ್ಟಿತು ಎಂದರೆ ಇನ್ನೊಂದು ಸಲವೂ ಕಟ್ಟಲೇಬೇಕು ಎಂದೇನಿಲ್ಲ. ಅದರಲ್ಲೂ ಮೊದಲ ಸಲ ತೆಗೆದಾಗ ಮಾತ್ರೆಯ ಬಲ ಇರಲಿಲ್ಲ, ಮೂತ್ರಕೋಶಕ್ಕೆ ಸುಧಾರಿಸಿಕೊಳ್ಳಲು ಒಂದು ದಿನವೂ ಸಿಕ್ಕಿರಲಿಲ್ಲ.

ಆ ಸಂಜೆ ಏನಾಯಿತು ಎಂಬುದನ್ನು ಮೊದಲು ಹೇಳುತ್ತೇನೆ. ಬೆನ್ನಿಗೆ ಕೊಡುವ ಅರಿವಳಿಕೆ ಕಾಲನ್ನಷ್ಟೇ ಅಲ್ಲ, ಮೂತ್ರಕೋಶದ ನರಗಳನ್ನೂ ಮರಗಟ್ಟಿಸುತ್ತದೆ. ತುಂಬಿದೆ ಎಂಬ ಸೂಚನೆ ಮಿದುಳಿಗೆ ಹೋಗುವುದಿಲ್ಲ, ಹಿಂಡುವ ಶಕ್ತಿಯೂ ಇರುವುದಿಲ್ಲ. ಇತ್ತ ಕೈಗೆ ಹಾಕಿದ ಡ್ರಿಪ್ ಇಳಿಯುತ್ತಲೇ ಇರುತ್ತದೆ. ಮೂತ್ರಕೋಶ ಆರಾಮವಾಗಿ ಹಿಡಿಯುವುದು ಸುಮಾರು 400ರಿಂದ 500 ಎಂಎಲ್. ಕಾಲಿಗೆ ಸ್ಪರ್ಶ ಮರಳಿತು ಎಂದು ಎಲ್ಲರೂ ನಿರಾಳವಾಗುವ ಹೊತ್ತಿಗೆ ಒಳಗೆ ಅದು ಹಿಗ್ಗಿ, ಸ್ನಾಯು ಸೋತಿರುತ್ತದೆ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದ ಪ್ರಾಸ್ಟೇಟ್ ಗ್ರಂಥಿ ಮೊದಲೇ ಊದಿ ದಾರಿಯನ್ನು ಒತ್ತಿಕೊಂಡಿದ್ದರೆ ಕೇಳುವುದೇ ಬೇಡ. ಎಳನೀರನ್ನು ನೀವು ಪ್ರೀತಿಯಿಂದಲೇ ಕೊಟ್ಟಿರಿ. ಆದರೆ ಮೂತ್ರ ಕಟ್ಟಿರುವಾಗ ಕುಡಿಸಿದ ಪ್ರತಿ ಲೋಟವೂ ಅದೇ ಬಿಗಿದ ಚೀಲಕ್ಕೆ ಸೇರುತ್ತದೆ. ಉರಿಮೂತ್ರಕ್ಕೆ ನೀರು ಕುಡಿಯಿರಿ ಎನ್ನುವ ಮಾತು ಇಲ್ಲಿಗೆ ಹೊಂದುವುದಿಲ್ಲ.

ಒಮ್ಮೆಲೇ ಖಾಲಿ ಮಾಡಿದ್ದರ ಬಗ್ಗೆ ಚಿಂತೆ ಬಿಡಿ. ಸ್ವಲ್ಪ ಸ್ವಲ್ಪವೇ ತೆಗೆಯಬೇಕು, ಇಲ್ಲದಿದ್ದರೆ ರಕ್ತ ಬರುತ್ತದೆ ಎಂದು ನಮಗೂ ಹಿಂದೆ ಕಲಿಸುತ್ತಿದ್ದರು. ಎರಡೂ ಕ್ರಮಗಳನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ರಕ್ತಸ್ರಾವದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾನಿ ಮಾಡುವುದು ತೆಗೆದ ವೇಗವಲ್ಲ, ತೆಗೆಯುವ ಮುಂಚೆ ಕಾದ ಗಂಟೆಗಳು.

ಈಗ ಮಾತ್ರೆ. ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್ ಒಂದೇ ಜಾತಿಯವು. ಮೂತ್ರಕೋಶದ ಕುತ್ತಿಗೆಯ ಸ್ನಾಯುವನ್ನು ಸಡಿಲಿಸುತ್ತವೆ. ಪ್ರಾಸ್ಟೇಟ್‌ನಿಂದ ಮೂತ್ರ ಕಟ್ಟಿದ 350ಕ್ಕೂ ಹೆಚ್ಚು ಗಂಡಸರ ಮೇಲೆ ಆಲ್ಫುಜೋಸಿನ್ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಎರಡು ಮೂರು ದಿನ ಔಷಧಿ ಕೊಟ್ಟು ಪೈಪ್ ತೆಗೆದಾಗ ಸುಮಾರು 62% ಮಂದಿಗೆ ಮೂತ್ರ ತಾನಾಗಿ ಬಂತು. ಔಷಧಿಯಿಲ್ಲದ ಹುಸಿಮಾತ್ರೆ ನುಂಗಿದವರಲ್ಲಿ ಅದು 48%. 65 ದಾಟಿದವರಲ್ಲಿ, ಒಂದು ಲೀಟರ್ ಅಥವಾ ಹೆಚ್ಚು ಮೂತ್ರ ಬಂದವರಲ್ಲಿ ಯಶಸ್ಸು ಕಡಿಮೆಯಿತ್ತು. ನಿಮ್ಮ ತಂದೆಯ ವಯಸ್ಸು ಅವರಿಗೆ ಅನುಕೂಲವಲ್ಲ ನಿಜ, ಆದರೆ ಅವರಿಗೆ ಕಟ್ಟಿದ್ದರಲ್ಲಿ ಅರಿವಳಿಕೆಯ ಪಾಲೂ ಇದೆ, ಅದರ ಪ್ರಭಾವ ಈಗ ಇಳಿದಿದೆ. ಹಾಗಾಗಿ ನನಗೆ ಭರವಸೆಯಿದೆ.

ಪೈಪನ್ನು ವಾರಗಟ್ಟಲೆ ಬಿಟ್ಟರೆ ಒಳ್ಳೆಯದೇ? ಹಲವು ದೇಶಗಳ 6,000ಕ್ಕೂ ಹೆಚ್ಚು ಗಂಡಸರನ್ನು ಗಮನಿಸಿದ ದೊಡ್ಡ ಸಮೀಕ್ಷೆಯಲ್ಲಿ, ಮೂರು ದಿನಕ್ಕಿಂತ ಹೆಚ್ಚು ಇಟ್ಟದ್ದರಿಂದ ಯಶಸ್ಸು ಹೆಚ್ಚಲಿಲ್ಲ, ತೊಂದರೆಗಳು ಮಾತ್ರ ಹೆಚ್ಚಿದವು. ಆದ್ದರಿಂದ ನಿಮ್ಮ ಡಾಕ್ಟರನ್ನು ಈ ವಾರವೇ ಕಂಡು, ತೆಗೆದು ನೋಡುವ ದಿನ ಗೊತ್ತುಮಾಡಿಕೊಳ್ಳಿ. ಬೆಳಿಗ್ಗೆಯೇ ತೆಗೆಸಿ, ಮತ್ತೆ ಕಟ್ಟಿದರೆ ಹಗಲಲ್ಲೇ ಆಸ್ಪತ್ರೆಗೆ ಹೋಗಬಹುದು. ಅದಕ್ಕೆ ಮುಂಚೆ ಮಲಬದ್ಧತೆ ಸರಿಪಡಿಸಿಕೊಳ್ಳಲಿ, ಗಟ್ಟಿ ಮಲವೂ ಮೂತ್ರದ ದಾರಿಯನ್ನು ಒತ್ತುತ್ತದೆ. ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ತರಬೇಡಿ: ಅಂಥ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್ ಮೂತ್ರಕೋಶ ಹಿಂಡುವುದನ್ನು ಕುಗ್ಗಿಸುತ್ತದೆ, ಮೂಗು ಬಿಡಿಸುವ ಔಷಧಿ ಮೂತ್ರಕೋಶದ ಕುತ್ತಿಗೆಯನ್ನು ಬಿಗಿಸುತ್ತದೆ. ಮೂತ್ರ ಬರತೊಡಗಿದ ಮೇಲೂ ಒಮ್ಮೆ ಸ್ಕ್ಯಾನ್ ಮಾಡಿಸಿ, ಒಳಗೆ ಎಷ್ಟು ಉಳಿದಿದೆ ನೋಡಿ. ಹತ್ತು ಸಲ ಹನಿಹನಿ ಹೋಗುವ ಎಷ್ಟೋ ಹಿರಿಯರು “ಚೆನ್ನಾಗಿ ಹೋಗ್ತಿದೆ ಡಾಕ್ಟ್ರೇ” ಎನ್ನುತ್ತಾರೆ. ಆದರೆ ಕಿಬ್ಬೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿದರೆ ಹೊಕ್ಕುಳವರೆಗೂ ತುಂಬಿದ ಕೊಡದ ಸದ್ದು.

ಅಲ್ಲಿಯತನಕ ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಪೈಪನ್ನು ತೊಡೆಗೆ ಪ್ಲಾಸ್ಟರ್ ಹಾಕಿ ಅಂಟಿಸಿ. ಚಳಿಜ್ವರ ಬಂದರೆ, ಚೀಲಕ್ಕೆ ಮೂತ್ರ ಇಳಿಯದಿದ್ದರೆ ಕಾಯಬೇಡಿ.

ಪ್ರಾಸ್ಟೇಟ್ ದೊಡ್ಡದಿದ್ದರೆ ಡಾಕ್ಟರು ಫಿನಾಸ್ಟರೈಡ್ ಸೇರಿಸಬಹುದು. ಅದು ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆದರೆ ಅದಕ್ಕೆ ತಿಂಗಳುಗಳು ಬೇಕು. ಸುಮಾರು 3,000 ಗಂಡಸರನ್ನು ನಾಲ್ಕು ವರ್ಷ ಗಮನಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಸಿಮಾತ್ರೆ ನುಂಗಿದವರಲ್ಲಿ 7% ಮಂದಿಗೆ ಮೂತ್ರ ಕಟ್ಟಿದರೆ, ಫಿನಾಸ್ಟರೈಡ್ ನುಂಗಿದವರಲ್ಲಿ ಅದು 3%. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ನೋಡುವ, ರಕ್ತದಲ್ಲಿನ ಅಂಶವೊಂದಿದೆ. ಈ ಮಾತ್ರೆ ಆ ಪಿಎಸ್‌ಎ ಅಂಶವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮುಂದೆ ಯಾರೇ ಪಿಎಸ್‌ಎ ಪರೀಕ್ಷೆ ಬರೆದುಕೊಟ್ಟರೂ ಮಾತ್ರೆಯ ವಿಷಯ ತಿಳಿಸಿ, ಇಲ್ಲದಿದ್ದರೆ ಕ್ಯಾನ್ಸರಿನ ಸುಳಿವು ಕೈತಪ್ಪಬಹುದು.

ಇನ್ನು ಕಣ್ಣಿನ ಆಪರೇಷನ್. ನೀವು ಅದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರ ಕಣ್ಣಿನ ಪಾಪೆ, ಪೊರೆ ತೆಗೆಯುವಾಗ ಸರಿಯಾಗಿ ಹಿಗ್ಗದೆ, ಅದರ ಸುತ್ತಲಿನ ಪರದೆ ನೆನೆದ ಬಟ್ಟೆಯಂತೆ ಅಲೆಯಾಡಬಹುದು. 2005ರಲ್ಲೇ ನೇತ್ರತಜ್ಞರು ಇದನ್ನು ಗುರುತಿಸಿದರು. ಕೆಲವು ದಿನ ಮಾತ್ರೆ ನಿಲ್ಲಿಸಿದರೂ ಈ ಅಪಾಯ ಪೂರ್ತಿ ತಪ್ಪುವುದಿಲ್ಲ, ಹಾಗಾಗಿ ನೀವಾಗಿಯೇ ನಿಲ್ಲಿಸಿ ಮತ್ತೆ ಮೂತ್ರ ಕಟ್ಟಿಸಿಕೊಳ್ಳಬೇಡಿ. ಮಾತ್ರೆಯ ಖಾಲಿ ಪಟ್ಟಿಯನ್ನೇ ತೆಗೆದುಕೊಂಡು ಹೋಗಿ ಕಣ್ಣಿನ ಡಾಕ್ಟರ ಕೈಗೆ ಕೊಡಿ. ಮುಂಚೆಯೇ ಗೊತ್ತಿದ್ದರೆ ಅವರು ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ.