ಮುಕಾದಮನ ಸಾಲ ತೀರೋವರೆಗೆ ಅವನ ಜೊತೆ ಇರಬೇಕಾ?

"ಸಾಲ ತೀರೋವರೆಗೆ ಸುಮ್ಮನಿರಲೇ, ಅಷ್ಟಕ್ಕೂ ಒಪ್ಪಿದವಳು ನಾನೇ ಅಲ್ಲವೇ" ಅಂತ ಮುಕಾದಮನ (ಕೂಲಿಗೆ ಹಚ್ಚಿ ಮುಂಗಡ ಕೊಡೋ ಮೇಸ್ತ್ರಿ) ಜೊತೆ ಇರೋ ಬಗ್ಗೆ ಕೇಳಿದ್ದೀಯ ತಂಗಿ. ಆ ಸಾಲ ತೀರಲ್ಲ. ನನ್ನದೂ ತೀರಲಿಲ್ಲ.

ನಾನು ಇಂಡಿ ತಾಲೂಕಿನವಳು. ಗಂಡನ ಜೊತೆ ಪುಣೆಗೆ ಬಂದು ಹಡಪಸರದ ಕಡೆ ಬಿಲ್ಡಿಂಗ್ ಕೆಲಸಕ್ಕೆ ಸೇರಿದೆ. ಗಂಡ ತೀರಿಕೊಂಡ ಮೇಲೆ ಅವನು ಮುಕಾದಮನ ಹತ್ತಿರ ತಗೊಂಡಿದ್ದ ಉಚಲು, ಅಂದರೆ ಮುಂಗಡ ಸಾಲ, ನನ್ನ ತಲೆಗೆ ಬಂತು. ಗಂಡಸರು ಬಿಗಾರಿಯಾಗಿ (ಹೊರೆ ಹೊರೋ ಕೂಲಿ) ಬಂದು, ಗಾರೆ ಮೆತ್ತೋ ಕರಣಿ ಹಿಡಿದು ಗವಂಡಿ (ಗಾರೆ ಕೆಲಸದವ) ಆಗ್ತಾರೆ, ಪಗಾರ ಏರುತ್ತೆ. ನಮ್ಮ ಕೈಗೆ ಕರಣಿ ಯಾರು ಕೊಡ್ತಾರೆ? ಬುಟ್ಟಿ ಹೊತ್ತೇ ಮುದುಕಿ ಆಗಬೇಕು. ಕೆಲಸ, ಇರೋ ತಗಡಿನ ಪತ್ರಾಶೆಡ್ಡು, ಮಗಳ ಔಷಧದ ದುಡ್ಡು ಎಲ್ಲ ಮುಕಾದಮ ಒಬ್ಬನ ಕೈಯಲ್ಲಿ. ಅಂಥವನು ರಾತ್ರಿ ಬಾಗಿಲು ತಟ್ಟಿದ, ತೆಗೆದೆ. ಅದನ್ನು ನಾನು ಒಪ್ಪಿಗೆ ಅನ್ನಲ್ಲ, ನೀನೂ ಅನ್ನಬೇಡ.

ನನ್ನನ್ನು ಮುಳುಗಿಸಿದ್ದು ಅವನ ಡೈರಿ. ಹಾಜರಿ ಬರೆಯೋನು ಅವನೇ, ಕಟ್ ಮಾಡೋನೂ ಅವನೇ. ವಾರದ ಖರ್ಚಿಗೆ ಕೊಟ್ಟಿದ್ದು ಉಚಲಿಗೆ ಸೇರೋದು, ಮಳೆಗೆ ಕೆಲಸ ನಿಂತರೆ ಶೆಡ್ಡಿನ ಬಾಡಿಗೆಯೂ ಸೇರೋದು. ನಾನು ಕನ್ನಡ ಏಳನೇತ್ತೆ ಕಲಿತವಳು, ಅವನು ಬರೆಯೋದು ಮರಾಠಿ. ತೋರಿಸಿದಲ್ಲಿ ಸಹಿ ಹಾಕ್ತಿದ್ದೆ, ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಒಂದಿನ ಅವನು ಮರೆತುಹೋದ ಡೈರಿಯನ್ನು ಮರಾಠಿ ಶಾಲೆಗೆ ಹೋಗೋ ಮಗಳು ಓದಿದಳು. "ಅವ್ವಾ, ಇಲ್ಲಿ ಸಾಡಿ ಅಂತ ಬರೆದೈತಿ." ದೀಪಾವಳಿಗೆ ಪ್ರೀತಿಯಿಂದ ತಂದೆ ಅಂದಿದ್ದನಲ್ಲ, ಆ ಹಸಿರು ಸೀರೆ. ಅದರ ರೊಕ್ಕವೂ ನನ್ನ ಸಾಲದಲ್ಲೇ ಇತ್ತು.

ಹೀಗೆ ಮುಂಗಡದಲ್ಲಿ ಕಟ್ಟಿಹಾಕಿ ದುಡಿಸೋದು ಜೀತ. 1976ರ ಜೀತ ರದ್ದತಿ ಕಾಯ್ದೆ ಪ್ರಕಾರ ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ, ಜಿಲ್ಲಾಧಿಕಾರಿ ಕಚೇರಿಗೆ ದೂರು ಕೊಡು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ ಇದೆ, ಮುಕಾದಮನ ಮೇಲೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಆದರೆ ಕಿರುಕುಳ ಆದ ಮೂರು ತಿಂಗಳೊಳಗೆ ಬರೆದು ಕೊಡಬೇಕು, ತಡ ಮಾಡಬೇಡ.

ಊರಿಗೆ ವಾಪಸ್ ಹೋಗು ಅನ್ನೋರ ಮಾತು ಕೇಳಬೇಡ. ಊರಲ್ಲಿ ಕೂಲಿ ಇದ್ದಿದ್ದರೆ ನಾವು ಇಲ್ಲಿಗೆ ಯಾಕೆ ಬರ್ತಿದ್ದೆವು? ಕೂಲಿ ಕೊಡೋನ ಖೋಲಿಯಲ್ಲಿ ಇರಬೇಡ, ಅಷ್ಟೇ. ನಾನು ಸೊಸೈಟಿಗಳಲ್ಲಿ ನಾಲ್ಕು ಮನೆ ಅಡುಗೆ ಹಿಡಿದೆ. ಒಬ್ಬರು ಬಿಡಿಸಿದರೆ ಮೂರು ಮನೆ ಉಳಿಯುತ್ತೆ, ಖೋಲಿ ಮಾಲಕರು ಬೇರೆ.

ಇವತ್ತಿನಿಂದಲೇ ಹಾಜರಿ ನಿನ್ನ ಮೊಬೈಲಲ್ಲಿ ಬರಕೋ, ಸಿಕ್ಕರೆ ಡೈರಿಯ ಫೋಟೋ ತಗೋ. ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡು. ಅವನು ಕೈ ಎತ್ತಿದರೆ ಪೊಲೀಸರ ತುರ್ತು ನಂಬರ್ 112.