ಹಲಸಿನ ಮಂಚಕ್ಕೆ ಬಣ್ಣ ಬೇಡ

ಓದುಗರ ಪತ್ರ: ಅಕ್ಕಾ, ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ಚಿರೆಕಲ್ಲಿನ ಹಳೇ ಮನೆ. ಮೇ ತಿಂಗಳಲ್ಲಿ ಮೈದುನನ ಮದುವೆ ಇದೆ. ಅಷ್ಟರೊಳಗೆ ಮನೆ ಸ್ವಲ್ಪ ಚೆಂದ ಮಾಡಬೇಕು. ಕೈಯಲ್ಲಿರುವುದು 15,000 ರೂಪಾಯಿ ಮಾತ್ರ. ಹಿಂದಿನ ಕೋಣೆಯಲ್ಲಿ ಅತ್ತೆಯ ಕಾಲದ ಒಂದು ಹಲಸಿನ ಮಂಚ, ಬೆತ್ತ ಜೋತುಬಿದ್ದ ಎರಡು ಕುರ್ಚಿ, ಹಸಿರು ಬಣ್ಣ ಬಳಿದ ಕಪಾಟು, ಒಂದು ಮರದ ಪೆಟ್ಟಿಗೆ ಇವೆ. ಕಪಾಟಿನ ಬಾಗಿಲ ಒಳಗಡೆ ಅತ್ತೆ ಪೆನ್ಸಿಲ್‌ನಲ್ಲಿ ಬರೆದ ತೆಂಗಿನಕಾಯಿ ಲೆಕ್ಕ ಇನ್ನೂ ಹಾಗೇ ಇದೆ. ಎಲ್ಲವನ್ನೂ ಗುಜರಿಗೆ ಹಾಕಿ ಕಂತಿನ ಮೇಲೆ ಹೊಸದು ತನ್ನಿ ಎನ್ನುತ್ತಾರೆ ನೆಂಟರು. ಇಲ್ಲವಾದರೆ ಎಲ್ಲಕ್ಕೂ ಒಂದೇ ಬಣ್ಣ ಹೊಡೆಸೋಣವೇ? ನನ್ನ ಮಗನಿಗೆ ಮೂರು ವರ್ಷ. ಮರದ ಕೆಲಸದ ಬಗ್ಗೆ ನನಗೇನೂ ಗೊತ್ತಿಲ್ಲ.

ಉತ್ತರ: ಅಕ್ಕಾ ಎಂದು ಕರೆದಿದ್ದೀರಿ, ಅಕ್ಕನ ಹಾಗೇ ಹೇಳುತ್ತೇನೆ. ಯಾವುದನ್ನೂ ಗುಜರಿಗೆ ಹಾಕಬೇಡಿ. ಎಲ್ಲಕ್ಕೂ ಒಂದೇ ಬಣ್ಣ ಹೊಡೆಯುವುದೂ ಬೇಡ. ಒಂದೊಂದಕ್ಕೂ ಏನು ಬೇಕೋ ಅಷ್ಟನ್ನೇ ಮಾಡಿಸಿ. ನಿಮ್ಮ ದುಡ್ಡು ಸಾಕಾಗುವ ದಾರಿ ಅದೊಂದೇ.

ಕಂತಿನ ಮೇಲೆ ಬರುವ ಅಗ್ಗದ ಕಪಾಟು ಹೆಚ್ಚಾಗಿ ಮರದ ಹೊಟ್ಟನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆಯದು. ಮೇಲಿನ ಹಾಳೆ ನೋಡಲು ಚೆಂದ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಂಚಿನಿಂದ ತೇವ ಹೊಕ್ಕರೆ ಆ ಹಲಗೆ ಉಬ್ಬುತ್ತದೆ, ಮತ್ತೆ ಸರಿಹೋಗುವುದಿಲ್ಲ. ನಮ್ಮ ಮನೆಯಲ್ಲೂ ಅಂಥದ್ದೊಂದು ಇತ್ತು. ಎರಡನೇ ಮಳೆಗಾಲಕ್ಕೆ ಅಡಿಭಾಗ ರೊಟ್ಟಿಯ ಹಾಗೆ ಉಬ್ಬಿ ನಿಂತಿತು. ಹಲಸಿನ ಮರವೂ ಮಳೆಯಲ್ಲಿ ಹಿಗ್ಗುತ್ತದೆ, ಆದರೆ ಬೇಸಿಗೆಯಲ್ಲಿ ಕುಗ್ಗಿ ತನ್ನ ಅಳತೆಗೆ ಬರುತ್ತದೆ. ಅದಕ್ಕೇ ಆಟಿ ತಿಂಗಳ ಮಳೆಯಲ್ಲಿ ಬಾಗಿಲು ಬಿಗಿಯಾಯಿತೆಂದು ಕೀಸಬಾರದು. ಕೀಸಿದರೆ ಫೆಬ್ರವರಿಯಲ್ಲಿ ಸಂದಿ ಬೀಳುತ್ತದೆ. ಅಂಚಿಗೆ ಮೇಣದಬತ್ತಿ ತಿಕ್ಕಿದರೆ ಸಾಕು.

ನೀವು ಬರೆದ ಹೊತ್ತು ಒಳ್ಳೆಯದು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮರ ಒಣಗಿರುತ್ತದೆ. ಪಾಲಿಶ್ ಕೆಲಸವನ್ನು ಆ ದಿನಗಳಲ್ಲೇ ಮುಗಿಸಿಬಿಡಿ. ಒಮ್ಮೆ ನಾನು ಶಿರಸಿಯ ಮನೆಯಲ್ಲಿ ಜುಲೈ ತಿಂಗಳಲ್ಲಿ ಹಟ ಹಿಡಿದು ಮೇಜಿಗೆ ಅರಗಿನ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಪಾಲಿಶ್, ಮಾಡಿಸಿದೆ. ಬೆಳಿಗ್ಗೆ ನೋಡಿದರೆ ಇಡೀ ಮೇಜಿಗೆ ಹಾಲು ಚೆಲ್ಲಿದ ಹಾಗೆ ಬಿಳಿ ಮಂಕು. ಸ್ಪಿರಿಟ್ ಬೇಗ ಆರುವಾಗ ಮೇಲ್ಮೈ ತಂಪಾಗಿ, ಗಾಳಿಯ ನೀರು ಪಾಲಿಶ್ ಒಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಒಣ ದಿನ ನೋಡಿ ಸ್ಪಿರಿಟ್ ತೇವದ ಬಟ್ಟೆಯಲ್ಲಿ ಹಗುರವಾಗಿ ಒರೆಸಿದಾಗ ಹೋಯಿತು. ಆದರೆ ಆಚಾರಿಗೆ ಎರಡು ದಿನದ ಕೂಲಿ ಜಾಸ್ತಿ ಕೊಟ್ಟೆ.

ಮೊದಲು ಮಂಚ. ಅದನ್ನು ಅಂಗಳಕ್ಕೆ ತಂದು ಕೆಳಗೆ ಹಳೇ ಬಿಳಿ ಬಟ್ಟೆ ಹಾಸಿ. ನಾಲ್ಕೈದು ದಿನದಲ್ಲಿ ಬಟ್ಟೆಯ ಮೇಲೆ ಹಿಟ್ಟಿನಂಥ ಪುಡಿ ಬಿದ್ದರೆ ಮರ ಕೊರೆಯುವ ಕುಟ್ಟೆ ಹುಳ ಹಿಡಿದಿದೆ ಎಂದರ್ಥ. ತೂತು ಮಾತ್ರ ಇದ್ದು ಹೊಸ ಪುಡಿ ಬೀಳದಿದ್ದರೆ ಹುಳ ಹಾರಿಹೋಗಿರಬಹುದು, ಆದರೂ ಒಂದೆರಡು ತಿಂಗಳು ಕಣ್ಣಿಡಿ. ಸೀಮೆಎಣ್ಣೆ ಸುರಿಯಲು ಯಾರಾದರೂ ಹೇಳಿಯಾರು. ಅದು ಆವಿಯಾಗಿ ಹೋಗುತ್ತದೆ, ಒಳಗಿನ ಮರಿಹುಳದವರೆಗೆ ತಲುಪುವುದು ಕಷ್ಟ. ಬಣ್ಣದ ಅಂಗಡಿಯಲ್ಲಿ ಮರದ ಹುಳಕ್ಕೆಂದೇ ಮಾರುವ ಔಷಧಿ ಸಿಗುತ್ತದೆ. ಮುಂದೆ ಹೇಳುವ ಹಾಗೆ ಉಜ್ಜಿದ ಮೇಲೆ, ಪಾಲಿಶ್ ಹಾಕುವ ಮೊದಲು, ಬರಿ ಮರಕ್ಕೆ ಹಚ್ಚಬೇಕು. ಕೈಗೆ ಗ್ಲೌಸ್ ಇರಲಿ, ಮಗ ಆ ಕಡೆ ಬಾರದಿರಲಿ.

ಮಂಚ ಅಲ್ಲಾಡುತ್ತಿದ್ದರೆ ಮೊಳೆ ಹೊಡೆಸಬೇಡಿ. ಸಮುದ್ರದ ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ, ಸುತ್ತಲಿನ ಮರ ಕಪ್ಪಾಗುತ್ತದೆ, ಕಡೆಗೆ ಅಲ್ಲೇ ಸೀಳುತ್ತದೆ. ಜೋಡಣೆ ಬಿಚ್ಚಿಸಿ, ಹಳೇ ಅಂಟು ಕೆರೆಸಿ, ಫೆವಿಕಾಲ್ ಹಾಕಿ ಕೂಡಿಸಬೇಕು. ಹಗ್ಗ ಸುತ್ತಿ, ನಡುವೆ ಒಂದು ಕೋಲು ತೂರಿಸಿ ತಿರುವಿ ಬಿಗಿ ಮಾಡಿ ಒಂದು ಇಡೀ ದಿನ ಹಾಗೇ ಬಿಡಬೇಕು. ಇದನ್ನು ನೀವೂ ಮಾಡಬಹುದು. ಸ್ಕ್ರೂ ಬೇಕೇ ಬೇಕಾದರೆ ಹಿತ್ತಾಳೆಯದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದು ತನ್ನಿ. ಕಪಾಟಿನ ಬಿಜಾಗರಿಗೂ ಇದೇ ಮಾತು. ಇಲ್ಲಿ ಹತ್ತು ರೂಪಾಯಿ ಉಳಿಸಬೇಡಿ.

ಆಮೇಲೆ ಸ್ಯಾಂಡ್ ಪೇಪರ್. ಮೊದಲು 120 ನಂಬರ್, ಆಮೇಲೆ 220. ಮರದ ಎಳೆ ಹೋದ ದಿಕ್ಕಿಗೇ ಉಜ್ಜಿ. ಅಡ್ಡ ಉಜ್ಜಿದ ಗೀರು ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಉಜ್ಜುತ್ತಾ ಹೋದಂತೆ ಕಂದು ಬಣ್ಣದ ಕೆಳಗಿನಿಂದ ಅರಿಶಿನ ಬಣ್ಣ ಬಂದರೆ ಗಾಬರಿಯಾಗಬೇಡಿ. ಹೊಸದಾಗಿ ಕೊಯ್ದ ಹಲಸು ಹಳದಿಯೇ. ಬೆಳಕು, ಗಾಳಿ ತಾಗಿ ವರ್ಷಗಳಲ್ಲಿ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ನಿಮ್ಮ ಮಂಚವೂ ಮತ್ತೆ ತಿರುಗುತ್ತದೆ. ಇಂಥ ಮರದ ಮೇಲೆ ಪೇಂಟ್ ಹೊಡೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಅರಗಿನ ಪಾಲಿಶ್ ಬದಲು ಅಗಸೆ ಎಣ್ಣೆ ಹಚ್ಚುವುದಾದರೆ, ಅಂಗಡಿಯಲ್ಲಿ ‘ಬಾಯಿಲ್ಡ್’ ಎಂದೇ ಸಿಗುವ ಎಣ್ಣೆಗೆ (ಮನೆಯಲ್ಲಿ ಕುದಿಸುವುದಲ್ಲ) ಟರ್ಪೆಂಟೈನ್ ಬೆರೆಸಿ ತೀರಾ ತೆಳ್ಳಗೆ ಹಚ್ಚಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ದಪ್ಪಗೆ ಉಳಿದ ಎಣ್ಣೆಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರಡಿ ಒಣಗಿಸಿ. ದೋಣಿಗೆ ಬಳಿಯುವ ಗೇರೆಣ್ಣೆಯನ್ನು, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು, ಮಂಚಕ್ಕೂ ಬಳಿಯಿರಿ ಎಂದು ಹಿರಿಯರು ಹೇಳಬಹುದು. ಒರಲೆಗೆ ಅದು ಒಳ್ಳೆಯದೇ. ಆದರೆ ಕಪ್ಪು ಬಣ್ಣ, ಚರ್ಮಕ್ಕೆ ತಾಗಿದರೆ ಬೊಬ್ಬೆ. ಮಗು ಮಲಗುವ ಮಂಚಕ್ಕೆ ಬೇಡ.

ಕುರ್ಚಿಗಳ ಕೆಲಸ ಸುಲಭ. ಬೆತ್ತ ಹರಿದಿಲ್ಲ, ಬರೀ ಜೋತುಬಿದ್ದಿದೆ ಅಲ್ವಾ? ಕುರ್ಚಿಯನ್ನು ತಲೆಕೆಳಗು ಮಾಡಿ, ಹೆಣಿಕೆಯ ಅಡಿಭಾಗಕ್ಕೆ ಬಿಸಿನೀರಿನ ಬಟ್ಟೆ ಹಾಕಿ ಚೆನ್ನಾಗಿ ನೆನೆಸಿ. ಗಾಳಿಯಾಡುವ ನೆರಳಿನಲ್ಲಿ ಒಣಗಲು ಬಿಡಿ. ಒಣಗುತ್ತಾ ಬೆತ್ತ ಬಿಗಿಯುತ್ತದೆ. ಎರಡು ದಿನ ಯಾರನ್ನೂ ಕೂರಲು ಬಿಡಬೇಡಿ. ಅಲ್ಲಲ್ಲಿ ತುಂಡಾಗಿದ್ದರೆ ಬೆತ್ತ ಹೆಣೆಯುವ ಮೇದಾರರನ್ನು ಕರೆಸಿ, ಅವರ ಕೂಲಿಗೆ ಚೌಕಾಸಿ ಮಾಡಬೇಡಿ.

ಬಣ್ಣ ಬೇಕಾದದ್ದು ಕಪಾಟಿಗೆ ಮಾತ್ರ. ಇಲ್ಲಿ ದಯವಿಟ್ಟು ಜಾಗ್ರತೆ. ಹಳೇ ಎಣ್ಣೆಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಬಳಕೆಯ ಬಣ್ಣದಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ನಿಮ್ಮ ಹಸಿರು ಬಣ್ಣ ಅದಕ್ಕೆ ಎಷ್ಟೋ ಮೊದಲಿನದು. ಒಣದಾಗಿ ಉಜ್ಜಿದರೆ ಆ ಧೂಳು ನೆಲಕ್ಕೆ ಬೀಳುತ್ತದೆ, ನೆಲದಿಂದ ಮಗುವಿನ ಕೈಗೆ, ಕೈಯಿಂದ ಬಾಯಿಗೆ. ಸೀಸ ಎಳೆಯ ಮಿದುಳಿಗೆ ಮಾಡುವ ಹಾನಿ ಸರಿಹೋಗುವಂಥದ್ದಲ್ಲ. ಹಾಗಾಗಿ ಬಣ್ಣ ಪೂರ್ತಿ ಕೆರೆಸಬೇಡಿ, ಬೆಂಕಿಯಿಂದ ಸುಡಿಸಲೂ ಬೇಡಿ. ಕಪಾಟನ್ನು ಹೊರಗೆ ತಂದು ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಕೆಲಸ ಮಾಡುವವರು ಮಾಸ್ಕ್ ಹಾಕಿಕೊಳ್ಳಲಿ. ನೀರಿನಲ್ಲಿ ಬಳಸುವ ಸ್ಯಾಂಡ್ ಪೇಪರ್ ಒದ್ದೆ ಮಾಡಿ, ಹೊಳಪು ಹೋಗುವಷ್ಟೇ ಉಜ್ಜಲಿ. ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಎರಡು ತೆಳು ಕೋಟು ಎನಾಮೆಲ್. ಹೊಸ ಡಬ್ಬಿಯ ಮೇಲೆ ಸೀಸ ಸೇರಿಸಿಲ್ಲ ಎಂದು ಬರೆದಿದೆಯೇ ನೋಡಿ ತನ್ನಿ. ಹಾಸಿದ ಹಾಳೆಯನ್ನು ಮಡಚಿ ಕಟ್ಟಿ ಎಸೆಯಿರಿ, ತೋಟಕ್ಕೆ ಕೊಡವಬೇಡಿ.

ಯಾವ ಬಣ್ಣ? ನಾನಾದರೆ ಕಾವಿ ಕೆಂಪು ಎನ್ನುತ್ತೇನೆ. ಶಿರಸಿಗೆ ಬಂದಾಗ ಮಾರಿಕಾಂಬಾ ಗುಡಿಯ ಒಳಗಿನ ಕಾವಿ ಚಿತ್ರಗಳನ್ನು ನಿಂತು ನೋಡಿ. ಬಿಳಿಯ ಮೇಲೆ ಒಂದೇ ಕೆಂಪು, ಅಷ್ಟರಲ್ಲೇ ಗೋಡೆ ತುಂಬುತ್ತದೆ. ನಿಮ್ಮ ಸುಣ್ಣದ ಗೋಡೆಯ ಎದುರು ಆ ಕೆಂಪಿನ ಕಪಾಟು ನಿಂತರೆ ಬೇರೆ ಅಲಂಕಾರ ಹುಡುಕಬೇಕಿಲ್ಲ.

ಪೆಟ್ಟಿಗೆಯ ಮುಗ್ಗಲು ವಾಸನೆಗೆ ಮೂರ್ನಾಲ್ಕು ದಿನ ಮುಚ್ಚಳ ತೆಗೆದು ಬಿಸಿಲಿಗಿಡಿ. ಒಳಗೆ ವಿನೆಗರ್ ಬಟ್ಟೆಯಲ್ಲಿ ಒರೆಸಿ ಮತ್ತೆ ಒಣಗಿಸಿ. ಚಾವಡಿಯಲ್ಲಿ ಇಟ್ಟು ಮೇಲೆ ಕವುದಿ ಮಡಚಿ ಹಾಸಿದರೆ ಇಬ್ಬರು ಕೂರಬಹುದು. ಅತ್ತೆಯವರ ಹತ್ತಿ ಸೀರೆಗಳಿದ್ದರೆ ನೀವೇ ಹೊಲಿಯಿರಿ. ಇಲ್ಲವಾದರೆ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿದ ಕವುದಿ ಒಂದನ್ನು ಕೊಳ್ಳಿ. ಹಳೇ ಬಟ್ಟೆಯ ತುಂಡುಗಳನ್ನು ಅವರು ಕೂಡಿಸುವ ಚೆಂದ ಅಂಗಡಿಯ ಬೆಡ್‌ಶೀಟಿಗೆ ಬರುವುದಿಲ್ಲ.

ದುಡ್ಡಿನ ಅರ್ಧ ಆಚಾರಿಯ ಕೂಲಿಗೆ ಎತ್ತಿಡಿ. ಉಳಿದದ್ದರಲ್ಲಿ ಔಷಧಿ, ಪಾಲಿಶ್, ಬಣ್ಣ, ಸ್ಕ್ರೂ, ಬೆತ್ತ. ಕವುದಿ ಕೊನೆಗೆ, ದುಡ್ಡು ಉಳಿದರೆ ಮಾತ್ರ.

ಜೂನ್‌ಗೆ ಮೊದಲು ಇನ್ನೊಂದು ಕೆಲಸ ಇದೆ. ಎಲ್ಲವನ್ನೂ ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ. ಪೆಟ್ಟಿಗೆಯ ಅಡಿಗೆ ಅಡಿಕೆ ಮರ ಸೀಳಿದ ಒಣಗಿದ ದಬ್ಬೆ ಎರಡು ಕೊಡಿ. ಮಳೆಗಾಲದಲ್ಲಿ ನೆಲ ಬೆವರುವಾಗ ಅಡಿಯಲ್ಲಿ ಗಾಳಿಯಾಡಬೇಕು.

ಮತ್ತೆ ಆ ತೆಂಗಿನಕಾಯಿ ಲೆಕ್ಕ. ಅದನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಸುಮ್ನೆ ಹೇಳಿದ್ದೀರಿ. ಆಚಾರಿ ಕೆಲಸಕ್ಕೆ ಬಂದ ದಿನ ಮೊದಲು ಆ ಬಾಗಿಲು ತೆರೆದು ತೋರಿಸಿ. ಒಳಗಡೆ ಉಜ್ಜುವುದೂ ಬೇಡ, ಬಣ್ಣವೂ ಬೇಡ ಎಂದು ಹೇಳಿ, ಒಂದು ಕಾಗದ ಅಂಟಿಸಿ ಮುಚ್ಚಿಬಿಡಿ. ಅಂಟು ಅಕ್ಷರಕ್ಕೆ ತಾಗದಂತೆ ಅಂಚಿಗೆ ಮಾತ್ರ ಹಚ್ಚಿ.