ಕ್ಯಾಲ್ಸಿಯಂ ಜಾಸ್ತಿ ಬಂದರೆ ಹಾಲು ಬಿಡಬೇಕಾ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಯಾವಾಗಲೂ ಸುಸ್ತು, ಮಲಬದ್ಧತೆ, ಕಿಡ್ನಿಯಲ್ಲಿ ಕಲ್ಲು ಬೇರೆ. ರಕ್ತದಲ್ಲಿ ಕ್ಯಾಲ್ಸಿಯಂ 11.4 ಇದೆ. ಹಾಲು, ರಾಗಿ ಬಿಡಿಸಿ ಅಂತಾರೆ ನೆಂಟರು. ಬಿಡಿಸಲಾ?
– ಓದುಗರು, ವಿರಾಜಪೇಟೆ

ಉತ್ತರ: ಸುಮ್ನೆ ಬಿಡಿಸಬೇಡಿ. ಡೆಸಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು, ಹಾಗಾಗಿ ಅಮ್ಮನದು ಜಾಸ್ತಿಯೇ, ಆದರೆ ಬರೀ ಊಟದಿಂದ ಇಷ್ಟು ಏರುವುದು ಅಪರೂಪ. ಅಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಜೊತೆ ಕ್ಯಾಲ್ಸಿಯಂ ಇನ್ನೊಮ್ಮೆ ನೋಡಿಸಿ, ಪಿಟಿಎಚ್ ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನಿನ ಪರೀಕ್ಷೆಯನ್ನೂ ಮಾಡಿಸಿ. ಇದು ಮುಖ್ಯ. ಕತ್ತಿನಲ್ಲಿ ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಅಕ್ಕಿಕಾಳಿನಷ್ಟು ಪುಟ್ಟವು. ಅದರಲ್ಲೊಂದು ಬೆಳೆದು ಈ ಹಾರ್ಮೋನು ಹೆಚ್ಚು ಬಿಟ್ಟರೆ ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತದೆ, ಮೂಳೆ ಸವೆಯುತ್ತದೆ, ಕಲ್ಲೂ ಆಗುತ್ತದೆ. ಆಪರೇಷನ್‌ನಿಂದ ಹೆಚ್ಚಿನವರಿಗೆ ಪೂರ್ತಿ ವಾಸಿ. ವಿಯೆನ್ನಾದ ಸರ್ಜನ್ ಫೆಲಿಕ್ಸ್ ಮಾಂಡ್ಲ್ 1925ರಲ್ಲೇ ಇಂಥ ಗಡ್ಡೆ ತೆಗೆದಿದ್ದರು.

ಪಿಟಿಎಚ್ ಕಡಿಮೆ ಬಂದರೆ ಕ್ಯಾನ್ಸರ್ ಸೇರಿ ಬೇರೆ ಕಾರಣ ಹುಡುಕಲೇಬೇಕು. ವಾರಕ್ಕೊಂದು ನುಂಗಬೇಕಾದ 60,000 ಯೂನಿಟ್‌ನ ವಿಟಮಿನ್ ಡಿ ಮಾತ್ರೆಯನ್ನು ದಿನಾ ನುಂಗುವವರೂ ಇದ್ದಾರೆ, ಅಮ್ಮನ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ. ಕೆಲವು ಬಿಪಿ ಮಾತ್ರೆಯಿಂದಲೂ ಕ್ಯಾಲ್ಸಿಯಂ ಏರುತ್ತದೆ, ಹಾಗಂತ ನೀವೇ ನಿಲ್ಲಿಸಬೇಡಿ. ವಾಂತಿ, ಮಂಪರು, ಮಾತು ತಡಬಡಿಸಿದರೆ ಮಳೆ ಅಂತ ಕಾಯದೆ ತಕ್ಷಣ ಮಡಿಕೇರಿಗೋ ಮೈಸೂರಿಗೋ ಕರೆದೊಯ್ಯಿರಿ.